ಗಿರಿಜಾಂಬಿಕಾ ಕರ್ಪೂರ ಹಿಡಿದದ್ದು

ಗಿರಿಜಾಂಬಿಕಾ ಸಾಯಲಿಲ್ಲ ಎನ್ನುವುದು ಅವಳ ಗಂಡನ ಮನೆಯವರಿಗೆ ಬಹಳ ಕಾಲ ಹೆಮ್ಮೆಯ ವಿಷಯವಾಗಿತ್ತು. "ಯಾರ್‍ಯಾರ್ದೋ ರಕ್ತ ಹಾಕ್ಸಿ ಉಳಿಸ್ಕಂಡಿದೀವಿ ಕಣ್ರೀ ನಮ್ ಸೊಸೇನ" ಎಂದು ಅತ್ತೆ ಶಿವರುದ್ರಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು, ತನ್ನ ಮೈಯ ರಕ್ತವನ್ನೇ ಬಸಿದು ಕೊಟ್ಟವಳ ಹಾಗೆ. ಕೇಳಿದವರು ಅತ್ತೆಯನ್ನು ಹೊಗಳಿ, ಸೊಸೆಯ ಕಡೆ ತಿರುಗಿ, ಪುಣ್ಯ ಮಾಡಿದ್ದೀಯ ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಗಿರಿಜಾಂಬಿಕಾ ಲೋಟ ತೊಳೆಯುತ್ತಿದ್ದಳು.

ಹಾಲ್ಕುರಿಕೆ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿ ಅದು. ಗಂಡ ರೇಣುಕಪ್ರಸಾದನ ಮನೆಯ ಮೂರು ಕಡೆಗೂ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಯಾಗಲೆಂದು ಬಿಟ್ಟ ಕಾಯಿ. ಗಿರಿಜಾಂಬಿಕಾ ತುರುವೇಕೆರೆ ಕಡೆಯ ಸಂಪಿಗೆಯಿಂದ ಬಂದವಳು. ಸೀರೆಯ ಸೆರಗಿಗೆ ಕುಚ್ಚು ಹಾಕುವುದರಲ್ಲಿ ಅವಳ ಕೈ ಚುರುಕು, ಬಾಯಿಯೂ ಚುರುಕು. ಬಾಯಿಯನ್ನು ಗಂಡನ ಮನೆಯವರು ಒಂದೇ ವರ್ಷದಲ್ಲಿ ಸರಿಪಡಿಸಿದರು. ಕೈಯನ್ನು ಮಾತ್ರ ಹಾಗೇ ಬಿಟ್ಟರು, ಅದರಿಂದ ನಾಲ್ಕು ಕಾಸು ಬರುತ್ತಿತ್ತಲ್ಲ.

ಮೊದಲ ಮಗು ನಿಸರ್ಗ ಹುಟ್ಟಿದ್ದು ತಿಪಟೂರಿನಲ್ಲಿ, ಹೊಟ್ಟೆ ಕೊಯ್ದು. ಮಗು ಚೆನ್ನಾಗಿ ಅತ್ತಿತು. ತಾಯಿಯ ರಕ್ತ ನಿಲ್ಲಲಿಲ್ಲ. ಬಟ್ಟೆಯ ಮೇಲೆ ಬಟ್ಟೆ ಬದಲಾಯಿಸಿ, ಆಂಬುಲೆನ್ಸಿಗೆ ಹಾಕಿ ತುಮಕೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಯ ಡಾಕ್ಟರಮ್ಮ ಹೊರಗೆ ಬಂದು, ಜೀವ ಉಳಿಯಬೇಕಾದರೆ ಗರ್ಭಕೋಶ ತೆಗೆಯಬೇಕಾಗಬಹುದು ಎಂದಾಗ ಶಿವರುದ್ರಮ್ಮ ಆಕೆಯ ಕಾಲು ಹಿಡಿದಳು. "ಅದೊಂದ್ ಉಳ್ಸ್‌ಕೊಡಿ ತಾಯಿ" ಎಂದಳು. ಅವಳನ್ನು ಉಳಿಸಿಕೊಡಿ ಎಂದಲ್ಲ, ಅದನ್ನು. ಡಾಕ್ಟರಮ್ಮ ಹೇಗೋ ಮಾಡಿ, ಗರ್ಭಕೋಶವನ್ನು ಹಗ್ಗ ಬಿಗಿದಂತೆ ಹೊಲಿದು, ಎರಡನ್ನೂ ಉಳಿಸಿದಳು. ಆಮೇಲೆ ಕಿಡ್ನಿ ನಿಂತಿತು, ಮೈಗೆ ಯಂತ್ರ ಜೋಡಿಸಿದರು. ಗಿರಿಜಾಂಬಿಕಾ ಕಣ್ಣು ಬಿಟ್ಟು, ತಾನು ಹೆತ್ತದ್ದು ಏನು ಎಂದು ಕೇಳುವ ಹೊತ್ತಿಗೆ ಮಗುವಿಗೆ ಹೆಸರು ಕೂಡ ಇಟ್ಟಾಗಿತ್ತು.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. "ಇನ್ನೊಂದು ಮಗು ಬೇಡ. ಮುಂದಿನ ಸಲ ಹೆರಿಗೆಯ ಕಸ ಹಳೇ ಹೊಲಿಗೆ ಇರೋ ಜಾಗಕ್ಕೇ ಅಂಟಿಕೊಂಡ್ರೆ ನಿಮ್ಮ ಹೆಂಡತಿ ಉಳಿಯಲ್ಲ. ಇವರ ಹೊಟ್ಟೆಯನ್ನ ಮತ್ತೆ ಕೊಯ್ಯೋದೂ ಅಪಾಯವೇ. ನೀವು ಆಪರೇಷನ್ ಮಾಡಿಸಿಕೊಳ್ಳಿ. ಗಂಡಸರದ್ದು ಹತ್ತು ನಿಮಿಷದ ಕೆಲಸ." ರೇಣುಕಪ್ರಸಾದ ತಲೆ ಆಡಿಸಿದ. ಅವನು ಯಾರು ಏನು ಹೇಳಿದರೂ ತಲೆ ಆಡಿಸುವವನು. ಅವನನ್ನು ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ. ಕೆಟ್ಟವನಾಗಲು ಬೇಕಾದಷ್ಟು ಧೈರ್ಯವೂ ಅವನಿಗಿರಲಿಲ್ಲ.

ಮನೆಗೆ ಬಂದ ಮೇಲೆ ಆ ಮಾತು ಮೂರು ವರ್ಷ ಎಳೆಯಿತು. ಕಾಪರ್-ಟಿ ಹಾಕಿಸಿದ್ದೂ ಆಯಿತು, ಮತ್ತೆ ರಕ್ತ ಹರಿಯಲು ಶುರುವಾಗಿ ತೆಗೆಸಿದ್ದೂ ಆಯಿತು. ಮಾತ್ರೆ ಅವಳ ಕಿಡ್ನಿಗೆ ಬೇಡವೆಂದರು. ಗಂಡ ಪಕ್ಕಕ್ಕೆ ಬಂದರೆ ಗಿರಿಜಾಂಬಿಕಾಳ ಮೈ ಕೊರಡಾಗುತ್ತಿತ್ತು. ಹಾಗೆಂದು ಅವಳಿಗೆ ಮಗು ಬೇಡವಾಗಿತ್ತು ಎಂದಲ್ಲ, ಇದನ್ನು ಹೇಳಿಬಿಡಬೇಕು. ನಿಸರ್ಗಳ ಹಳೆಯ ಕುಲಾವಿ, ಜುಬ್ಬಗಳನ್ನು ಯಾರಿಗೂ ಕೊಡದೆ ಒಗೆದು ಮಡಿಸಿಟ್ಟಿದ್ದಳು. ಬಾಣಂತಿಯರನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಆದರೆ ಬದುಕಿರಬೇಕು ಎನ್ನುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ನಮ್ಮ ಕಡೆ ಹೆಂಗಸಿಗೆ ಅಂಥ ಆಸೆ ಇದೆ ಎಂದರೆ ಜನ ಸ್ವಲ್ಪ ವಿಚಿತ್ರವಾಗಿಯೇ ನೋಡುತ್ತಾರೆ.

ಶಿವರುದ್ರಮ್ಮ ಅಟ್ಟ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಬತ್ತಿದೆಯೋ ಇಲ್ಲವೋ ನೋಡುವವಳು. ಸೊಸೆಯನ್ನೂ ಹಾಗೇ ನೋಡುತ್ತಿದ್ದಳು. "ಅಟ್ಟದಾಗೆ ಒಂದ್ ಕಾಯಿ ಕೊಳ್ತೋಯ್ತು ಅಂತ ಅಟ್ಟಾನೇ ಕಿತ್ತಾಕ್ತಾರೇನೇ? ಒಂದ್ ಸಲ ಕಷ್ಟ ಆಯ್ತು. ಎರಡ್ನೇದು ಸಲೀಸು ಕಣೇ. ನಾನ್ ಹೆತ್ತಿಲ್ವಾ? ತೋಟಕ್ಕೊಬ್ಬ ಬ್ಯಾಡ್ವಾ?"

"ಡಾಕ್ಟರು ಹೇಳಿದ್ದು ನಿಮಗೂ ಗೊತ್ತಲ್ಲ ಅತ್ತೆ."

"ಡಾಕ್ಟ್ರು ಹೇಳ್ತಾರೆ. ಅವ್ರೇನು ನಮ್ ತೋಟಕ್ಕೆ ನೀರ್ ಕಟ್ತಾರಾ?"

ಕೊನೆಗೆ ಒಂದು ದಿನ ಗಿರಿಜಾಂಬಿಕಾ ಗಂಡನಿಗೆ ನೇರವಾಗಿ ಹೇಳಿದಳು: "ಒಂದೋ ನೀವು ಆಪರೇಷನ್ ಮಾಡ್ಸ್ಕಳ್ಳಿ, ಇಲ್ಲ ನಾನು ಸಂಪಿಗೆಗೆ ಹೋಗ್ತೀನಿ." ರೇಣುಕಪ್ರಸಾದ ತಲೆ ಆಡಿಸಿದ. ಆ ವಾರವೇ ತುಮಕೂರಿಗೆ ಹೋಗಿ, ಸಂಜೆ ಕಾಲು ಅಗಲಿಸಿಕೊಂಡು ನಡೆಯುತ್ತ ಮನೆಗೆ ಬಂದ. ಶಿವರುದ್ರಮ್ಮ ಬೀದಿಗೆ ಕೇಳುವಂತೆ ಎದೆ ಬಡಿದುಕೊಂಡಳು. "ನನ್ ಮಗನ್ನ ಕತ್ತರ್ಸಿ ಹಾಕುದ್ಲಲ್ಲಪ್ಪೋ!" ಗಿರಿಜಾಂಬಿಕಾ ಮಾತ್ರ ಗಂಡನನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ಕೊಬ್ಬರಿ, ಬೆಲ್ಲ, ಒಣಶುಂಠಿ, ತುಪ್ಪ ಹಾಕಿ ಉಂಡೆ ಕಟ್ಟಿ, ಬಾಣಂತಿಗೆ ತಿನ್ನಿಸಿದಂತೆ ತಿನ್ನಿಸಿದಳು. ಮದುವೆಯಾದಾಗಿನಿಂದ ಅವನ ಮೇಲೆ ಅವಳಿಗೆ ಅಷ್ಟು ಪ್ರೀತಿ ಬಂದಿದ್ದು ಅದೇ ಮೊದಲು. ಗಾಯ ನೋಡುತ್ತೇನೆ ಎಂದರೆ ಅವನು ನಾಚಿಕೊಂಡ. ನಾಚಿಕೆ ಅಲ್ಲವೇ ಎಂದು ಅವಳು ಸುಮ್ಮನಾದಳು.

ಊರಿನಲ್ಲಿ ಗಂಡಸರು ಅವನನ್ನು ಬಿಡಲಿಲ್ಲ. ಕಾಯಿ ಸುಲಿಯುವ ಕಣದಲ್ಲಿ "ಏನ್ಲಾ ರೇಣುಕ, ಬೀಜ ಒಡ್ಸಿದ್ ಎತ್ತು ನೇಗ್ಲು ಎಳೀತದಾ?" ಎನ್ನುವರು. ಅವನು ಹಲ್ಲು ಬಿಟ್ಟು ನಕ್ಕು ಸುಮ್ಮನಿರುತ್ತಿದ್ದ. ಗಂಡ ತನಗಾಗಿ ಇಷ್ಟೊಂದು ಅವಮಾನ ನುಂಗುತ್ತಿದ್ದಾನಲ್ಲ ಎಂದು ಗಿರಿಜಾಂಬಿಕಾಳ ಕರುಳು ಚುರ್ರೆನ್ನುತ್ತಿತ್ತು. ಅವಳ ಮೈ ಮೆಲ್ಲಮೆಲ್ಲಗೆ ಸಡಿಲವಾಯಿತು. ರಾತ್ರಿಗಳಿಗೆ ಹೆದರುವುದನ್ನು ಬಿಟ್ಟಳು.

ಮರುವರ್ಷ ಮುಟ್ಟು ನಿಂತಿತು. ಬಿಸಿಲಿಗೆ ಇರಬೇಕು ಎಂದುಕೊಂಡಳು. ಎರಡನೇ ತಿಂಗಳೂ ನಿಂತಾಗ ತಿಪಟೂರಿನ ಮೆಡಿಕಲ್ ಸ್ಟೋರಿನಿಂದ ಕಡ್ಡಿ ತಂದು ಬಚ್ಚಲಲ್ಲಿ ನೋಡಿದಳು. ಎರಡು ಗೆರೆ. ಬಚ್ಚಲ ಕಲ್ಲಿನ ಮೇಲೆ ಕೂತಳು. ಕಾಲ ಕೆಳಗೆ ಬೆಚ್ಚಗೆ ಏನೋ ಹರಿಯುತ್ತಿದೆ ಎನ್ನಿಸಿ ನೋಡಿಕೊಂಡಳು, ಏನೂ ಇರಲಿಲ್ಲ, ಹಂಡೆಯ ಬಿಸಿನೀರು.

ತೋಟದಲ್ಲಿ ಗಂಡನನ್ನು ಹಿಡಿದು ಕೇಳಿದಳು. ಅವನು ಗರಿ ಎಳೆಯುತ್ತಿದ್ದ. ಮುಖ ನೋಡಲಿಲ್ಲ.

"ಬಾಗ್ಲ ತನ್ಕ ಹೋಗಿದ್ದೆ ಕಣೇ, ಆಣೆಗೂ. ಒಳಗೆ ಯಾವನೋ ಕೂಗ್ಕಂಡ. ನನ್ ಕೈಕಾಲೆಲ್ಲ ತಣ್ಣಗಾಗೋಯ್ತು. ಆಮ್ಯಾಕೆ ಪಿಚ್ಚರ್ ನೋಡ್ಕಂಡು ಬಂದ್ಬುಟ್ಟೆ."

"ನಾನು ಬಾಣಂತಿ ಉಂಡೆ ಮಾಡಿ ತಿನ್ಸಿದ್ನಲ್ರೀ ನಿಮಗೆ."

"ಹೂಂ. ಚೆನ್ನಾಗಿತ್ತು" ಎಂದ ರೇಣುಕಪ್ರಸಾದ. ಅವನಿಗೆ ಅದು ಹೇಳಬಾರದ ಮಾತು ಎಂದು ಕೂಡ ಹೊಳೆಯಲಿಲ್ಲ.

ತೆಗೆಸಬೇಕು, ನಾಳೆಯೇ ತುಮಕೂರಿಗೆ ಹೋಗೋಣ ಎಂದಳು. ಅವನು ಅದಕ್ಕೂ ತಲೆ ಆಡಿಸಿದ. ಬೆಳಗಾಗುವಷ್ಟರಲ್ಲಿ ಶಿವರುದ್ರಮ್ಮನಿಗೆ ವಿಷಯ ಗೊತ್ತಾಗಿತ್ತು. ಮಗ ಬಾಯಿ ಬಿಟ್ಟಿರಲಿಲ್ಲ. ಸೊಸೆ ನಸುಕಿನಲ್ಲೇ ಬಚ್ಚಲಲ್ಲಿ ವಾಂತಿ ಮಾಡಿದ್ದು ಅವಳ ಕಿವಿಗೆ ಸಾಕಾಗಿತ್ತು. ಸೊಸೆ ಬಸುರಿ, ಮಗನಿಗೆ ಆಪರೇಷನ್ ಆಗಿದೆ. ಇವೆರಡನ್ನೂ ಕೂಡಿಸಿ ನೋಡಿದಳು. ಆಗ ಅವಳ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಪಕ್ಕದ ಮನೆಯವರು ಮಾಡುತ್ತಿದ್ದ ಕೆಲಸ ಬಿಟ್ಟು ಬೇಲಿಯ ಹತ್ತಿರ ಬಂದು ನಿಂತರು. ಮಧ್ಯಾಹ್ನದೊಳಗೆ ಊರಿಡೀ, ಗಿರಿಜಾಂಬಿಕಾ ಯಾರಿಗೆ ಬಸುರಾದಳು ಎಂದು ಲೆಕ್ಕ ಹಾಕತೊಡಗಿತು. ಪಂಪ್‌ಸೆಟ್ ರಿಪೇರಿಗೆ ಬರುತ್ತಿದ್ದ ಮುನಾವರ್ ಹೆಸರೂ ಬಂತು, ವರಸೆಯಲ್ಲಿ ಮೈದುನನಾಗುವವನ ಹೆಸರೂ ಬಂತು. ರೇಣುಕಪ್ರಸಾದನ ಹೆಸರೊಂದನ್ನು ಬಿಟ್ಟು ಊರಿನ ಗಂಡಸರ ಹೆಸರೆಲ್ಲ ಬಂತು.

"ಇವನು ಆಪರೇಷನ್ ಮಾಡ್ಸೇ ಇಲ್ಲ ಅತ್ತೆ, ಸುಳ್ಳು ಹೇಳಿದಾನೆ, ಕೇಳಿ!" ಎಂದು ಗಿರಿಜಾಂಬಿಕಾ ಕೂಗಿದಳು. ಶಿವರುದ್ರಮ್ಮ ಮಗನ ಕಡೆ ತಿರುಗಿದಳು. ಅವನು ನೆಲ ನೋಡುತ್ತ, "ನಾನ್ಯಾಕೆ ಸುಳ್ಳು ಹೇಳ್ಲವ್ವ" ಎಂದ. ಸುಳ್ಳಲ್ಲದಂತೆ ಇರುವ ಈ ಒಂದು ಮಾತು ಅವನಿಗೆ ಅಷ್ಟು ಬೇಗ ಹೇಗೆ ಹೊಳೆಯಿತೋ, ಜೀವಮಾನದಲ್ಲಿ ಇನ್ನೆಂದೂ ಅವನಿಗೆ ಅಷ್ಟು ಬೇಗ ಏನೂ ಹೊಳೆದದ್ದಿಲ್ಲ.

ತೆಗೆಸುವ ದಾರಿ ಅಲ್ಲಿಗೆ ಮುಚ್ಚಿತು. ಈಗ ತೆಗೆಸಿದರೆ ಕದ್ದು ಬಸುರಾದದ್ದು ನಿಜ ಎಂದಾಗುತ್ತದೆ. ತೆಗೆಸದಿದ್ದರೆ ಸಾಯಬೇಕು. ಸಂಪಿಗೆಯಿಂದ ತಾಯಿ ಗಂಗಲಕ್ಷ್ಮಿ ಫೋನಿನಲ್ಲಿ ಅತ್ತಳು. "ಮಾನ ಉಳ್ಸ್ಕೋ ಮಗ ಮೊದ್ಲು. ಜೀವ ಆಮ್ಯಾಕೆ ನೋಡನ."

ನಮ್ಮ ಕಡೆ ಇಂಥ ವ್ಯಾಜ್ಯ ಪೊಲೀಸ್ ಸ್ಟೇಷನ್ನಿಗೆ ಹೋಗುವುದಿಲ್ಲ, ವೀರಭದ್ರನ ಗುಡಿಗೆ ಹೋಗುತ್ತದೆ. ಅಂಗೈ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಕರ್ಪೂರ. ಅದು ಉರಿಯುವಾಗ ಹೇಳುವ ಮಾತೇ ಸತ್ಯ. ಸುಳ್ಳು ಹೇಳಿದವರು ಆರು ತಿಂಗಳಲ್ಲಿ ರಕ್ತ ಕಾರುತ್ತಾರೆ ಎಂದು ನಂಬಿಕೆ. ಗುಡಿಯ ಯಜಮಾನಿಕೆ ನೋಡಿಕೊಳ್ಳುವ ಕೊಬ್ಬರಿ ವ್ಯಾಪಾರಿ ಪರಮಶಿವಯ್ಯ ಸೋಮವಾರ ಎಲ್ಲರನ್ನೂ ಕರೆಸಿದರು. ಹಣೆ ತುಂಬ ವಿಭೂತಿ, ಬಾಯಲ್ಲಿ ಸಕ್ಕರೆಯಂಥ ಮಾತು.

"ಆಣೆ ಮಾಡ್ತೀಯೇನವ್ವಾ?" ಎಂದು ಕೇಳಿದರು.

ಗಿರಿಜಾಂಬಿಕಾ ಸಂತೋಷದಿಂದ ಒಪ್ಪಿದಳು. ಸಂತೋಷ ಎನ್ನುವುದು ತಪ್ಪು ಮಾತಲ್ಲ. ರಾತ್ರಿಯಿಡೀ ಯೋಚಿಸಿ ಅವಳು ಲೆಕ್ಕ ಹಾಕಿದ್ದಳು. ಮಗು ಗಂಡನದೇ ಎಂದು ತಾನು ಕರ್ಪೂರ ಹಿಡಿದು ಹೇಳಿದರೆ ಇಡೀ ಊರು ನಂಬಲೇಬೇಕು. ನಂಬಿದ ಮೇಲೆ, ಹಾಗಾದರೆ ಆಪರೇಷನ್ ಏನಾಯಿತು ಎಂದು ಅವನ ಕಡೆ ತಿರುಗಲೇಬೇಕು. ಹೆಂಡತಿಗೆ ಸುಳ್ಳು ಹೇಳುವ ಗಂಡಸು ವೀರಭದ್ರನ ಮುಂದೆ ಹೇಳಲಾರ. ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಅವಳು ಲೆಕ್ಕ ಹಾಕಿದ್ದು ಮಾತ್ರ ಬೇರೆ ಯಾವುದೋ ಊರಿಗೆ.

ಕರ್ಪೂರ ಹಚ್ಚಿದರು. ಎಲೆ ಬಾಡಿ ಅಂಗೈ ಕಾಯತೊಡಗಿತು. "ಇದು ನನ್ನ ಗಂಡಂದೇ ಮಗು. ಬೇರೆ ಗಂಡಸಿನ ನೆರಳು ಸೋಕಿದ್ರೆ ನನ್ ಕಣ್ಣು ಹೋಗ್ಲಿ, ನನ್ ಮಗಳು ನನಗೆ ದಕ್ಕದೆ ಹೋಗ್ಲಿ" ಎಂದಳು. ಕರ್ಪೂರ ತಾನಾಗಿ ಆರುವ ತನಕ ಹಿಡಿದೇ ಇದ್ದಳು. ಹೆಂಗಸರ ಗುಂಪಿನಲ್ಲಿ ಯಾರೋ ಬಿಕ್ಕಿದರು.

ಪರಮಶಿವಯ್ಯ ಎರಡೂ ಕೈ ಎತ್ತಿ ಮುಗಿದರು. ಗಿರಿಜಾಂಬಿಕಾ ಕಾದಳು, ಈಗ ಅವನನ್ನು ಕೇಳುತ್ತಾರೆ ಎಂದು.

"ಕೇಳಿದ್ರೇನ್ರಪ್ಪ" ಎಂದರು ಪರಮಶಿವಯ್ಯ ಸಭೆಯ ಕಡೆ ತಿರುಗಿ. "ಹೆಣ್ಮಗಳು ಸುಳ್ಳಾಡ್ಲಿಲ್ಲ. ರೇಣುಕಂಗೆ ಆಪರೇಷನ್ ಆಗಿರೋದೂ ಸುಳ್ಳಲ್ಲ, ಊರಿಗೇ ಗೊತ್ತು. ಎರಡೂ ನಿಜ ಅಂದ್ಮ್ಯಾಲೆ ಇದೇನು? ಡಾಕ್ಟ್ರು ಕಟ್ಟಿದ್ದನ್ನ ಸ್ವಾಮಿ ಬಿಚ್ಚವ್ನೆ. ಸಾಕ್ಷಾತ್ ವೀರಭದ್ರನ ಪ್ರಸಾದ ಕಣಪ್ಪ ಇದು!"

ಗುಡಿ ಹೋ ಎಂದಿತು. ಪೂಜೆ ಮಾಡುವ ಅಯ್ನೋರು ಗಂಟೆ ಬಾರಿಸಿದರು. ಗಿರಿಜಾಂಬಿಕಾಳ ಕೂಗು ಗಂಟೆಯ ಸದ್ದಿನಲ್ಲಿ ಅರ್ಧ ಮುಚ್ಚಿಹೋಯಿತು. "ಅವರಿಗೂ ಕರ್ಪೂರ ಕೊಡಿ! ಅವರೂ ಹಿಡ್ಕಂಡು ಹೇಳ್ಲಿ!"

"ಅವ್ನ್ಯಾಕವ್ವಾ ಹಿಡೀಬೇಕು?" ಪರಮಶಿವಯ್ಯ ಮೃದುವಾಗಿಯೇ ಹೇಳಿದರು. "ಗಂಡಸಿನ್ ಮೇಲೆ ಯಾರೂ ಅಪವಾದ ಹೊರ್ಸಿಲ್ವಲ್ಲ. ನಿಂದೇ ಮಾತು ನಾವು ನಂಬಿದೀವಲ್ಲ, ಸಾಲ್ದಾ?"

ರೇಣುಕಪ್ರಸಾದ ಕಂಬದ ಹತ್ತಿರ ನಿಂತು ಕೈ ಮುಗಿದುಕೊಂಡಿದ್ದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಭಕ್ತಿಯಿಂದ ಎಂದು ಜನ ಹೇಳಿದರು.

ಅಲ್ಲಿಂದ ಮುಂದೆ ಗಿರಿಜಾಂಬಿಕಾ ಮನುಷ್ಯಳಾಗಿ ಉಳಿಯಲಿಲ್ಲ. ಹಿಂದಿನ ದಿನ ಬಾಯಿಗೆ ಬಂದಂತೆ ಬೈದಿದ್ದ ಶಿವರುದ್ರಮ್ಮ ಗುಡಿಯ ಬಾಗಿಲಲ್ಲೇ ಅವಳ ಕಾಲಿಗೆ ಬಿದ್ದಳು. ಅಕ್ಕಪಕ್ಕದ ಊರಿನ ಹೆಂಗಸರು ಹಸಿರು ಬಳೆ, ಹೂವು, ಕೊಬ್ಬರಿ ಗಿಟುಕು ಹಿಡಿದುಕೊಂಡು ಮಡಿಲು ತುಂಬಲು ಬಂದರು. ಮಕ್ಕಳಾಗದವರು ಅವಳ ಹೊಟ್ಟೆ ಮುಟ್ಟಿ ಆ ಕೈಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಒಬ್ಬಳು ಸೆರಗಿನ ಒಂದು ಎಳೆಯನ್ನು ಹಲ್ಲಿನಿಂದ ಕಿತ್ತು ಕುಪ್ಪಸದಲ್ಲಿಟ್ಟುಕೊಂಡು ಹೋದಳು. ನನ್ನ ಜೀವಕ್ಕೆ ಅಪಾಯ ಇದೆ ಎಂದು ಗಿರಿಜಾಂಬಿಕಾ ಬಂದವರಿಗೆಲ್ಲ ಹೇಳಿದಳು. ಕೊಟ್ಟ ಸ್ವಾಮಿಯೇ ಕಾಯುತ್ತಾನೆ ಎಂದು ಅವರು ಹೇಳಿದರು. ಅಳು ಬಂದು ಅತ್ತರೆ, ಮೈಮೇಲೆ ದೇವರು ಬಂದಿದೆ ಎಂದು ಆರತಿ ಎತ್ತಿದರು. ಆಮೇಲೆ ಅವಳು ಅಳುವುದನ್ನೂ ನಿಲ್ಲಿಸಿದಳು.

ಎತ್ತು ಎನ್ನಿಸಿಕೊಂಡಿದ್ದ ರೇಣುಕಪ್ರಸಾದ ಈಗ ಕಣದಲ್ಲಿ ಎದೆಯುಬ್ಬಿಸಿ ಕೂರುತ್ತಿದ್ದ. "ಕತ್ತರ್ಸಿದ್ರೂ ಚಿಗುರ್ತಾನಲ್ಲಪ್ಪ ನಮ್ ರೇಣುಕ!" ಎಂದು ಬೆನ್ನು ತಟ್ಟುತ್ತಿದ್ದರು. ಅವನು ಈಗಲೂ ಹಲ್ಲು ಬಿಟ್ಟು ನಗುತ್ತಿದ್ದ. ನಗು ಮಾತ್ರ ಬೇರೆಯಾಗಿತ್ತು.

ಗಿರಿಜಾಂಬಿಕಾ ಕೊನೆಯ ಸಲ ಕೇಳಿದಳು. "ಈಗ್ಲಾದ್ರೂ ಹೇಳ್ರೀ. ಅತ್ತೇಗೆ ಒಬ್ರಿಗೇ ಸಾಕು. ನಾನು ಸತ್ತೋಗ್ತೀನ್ರೀ."

"ಏನೂ ಆಗಲ್ಲ ಬುಡು" ಎಂದ ಅವನು. ಆಮೇಲೆ, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳುವವನಂತೆ ಹೇಳಿದ: "ನಂಗೂ ಈಗೀಗ ಅನ್ಸ್ತೈತೆ ಕಣೇ ಗಿರ್ಜ. ಅವತ್ತು ಆಪರೇಷನ್ ಬಾಗ್ಲಿಂದ ನನ್ನ ವಾಪಸ್ ಕಳ್ಸಿದ್ದು ಯಾರು? ಸ್ವಾಮೀನೇ ಇರ್ಬೋದಲ್ವಾ?"

ಅವಳು ಅವನ ಮುಖವನ್ನೇ ನೋಡಿದಳು. ಅವನು ನಾಟಕ ಆಡುತ್ತಿರಲಿಲ್ಲ. ನಿಜವಾಗಿಯೂ ನಂಬಿಬಿಟ್ಟಿದ್ದ. ಸುಳ್ಳು ಹೇಳುವವನನ್ನಾದರೆ ಇನ್ನೂ ಒಂದಷ್ಟು ದಿನ ಕಾಡಿ, ಬೇಡಿ ನೋಡಬಹುದಿತ್ತು. ಇವನ ಮುಂದೆ ಬೇಡಲು ಏನೂ ಉಳಿದಿರಲಿಲ್ಲ.

ನಾಲ್ಕನೇ ತಿಂಗಳು ಹತ್ತಿರ ಬರುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳು ಎಷ್ಟೋ ಸಲ ಮಾತಾಡಿದ್ದುಂಟು. ಹುಡುಗನೋ ಹುಡುಗಿಯೋ, ಮೂಗು ಯಾರ ಹಾಗೆಯೋ. ಹೆರಲೇ, ಬಿಡಲೇ ಎಂದು ದಿನಕ್ಕೊಂದು ಮನಸ್ಸಾಗುತ್ತಿತ್ತು. ಒಂದು ದಿನವಂತೂ, ಆಗಿದ್ದಾಗಲಿ, ಹೆತ್ತುಬಿಡೋಣ, ಇಷ್ಟು ಜನ ಹೇಳುವುದು ಸುಳ್ಳಾಗುತ್ತದೆಯೇ ಎಂದು ಮಡಿಸಿಟ್ಟ ಕುಲಾವಿಗಳನ್ನು ತೆಗೆದು ಬಿಸಿಲಿಗೆ ಹಾಕಿದಳು. ಅವತ್ತೇ ಮಧ್ಯಾಹ್ನ ನಿಸರ್ಗಳ ತಲೆ ಬಾಚುವಾಗ ಮಗು ಕೇಳಿತು:

"ಅಮ್ಮ, ನೀನ್ ಹೋದ್ಮೇಲೆ ನಂಗೆ ಅಜ್ಜಿ ಜಡೆ ಹಾಕ್ತಾಳಾ? ಅಜ್ಜಿ ಎಳೀತಾಳೆ, ನೋವಾಗುತ್ತೆ."

"ನಾನೆಲ್ಲಿಗೆ ಹೋಗ್ತೀನಿ ಮಗ?"

"ಅಜ್ಜಿ ಪಕ್ಕದ್ಮನೆ ಕೊಲ್ಲಾಪುರಮ್ಮಜ್ಜಿ ಹತ್ರ ಹೇಳ್ತಿದ್ಲು. ನಿಂಗೆ ಏನಾದ್ರೂ ಆದ್ರೂ ಪಾಪು ಉಳ್ಸ್ಕೋಬೋದಂತೆ. ಡಾಕ್ಟ್ರು ಹೊಟ್ಟೆ ಕೊಯ್ದು ತೆಗೀತಾರಂತೆ. ಪಾಪು ನಾನ್ ನೋಡ್ಕಬೇಕಂತೆ."

ಗಿರಿಜಾಂಬಿಕಾ ಜಡೆ ಪೂರ್ತಿ ಹೆಣೆದು, ರಿಬ್ಬನ್ ಕಟ್ಟಿದಳು. ಹೊರಗೆ ಹೋಗಿ ಬಿಸಿಲಿಗೆ ಹಾಕಿದ್ದ ಕುಲಾವಿಗಳನ್ನು ಎತ್ತಿ ಒಳಗಿಟ್ಟಳು. ಹೊಟ್ಟೆಯ ಮೇಲೆ ಕೈಯಿಟ್ಟು, ತಪ್ಪಾಯ್ತಪ್ಪ ಎಂದು ಒಂದೇ ಮಾತು ಹೇಳಿದಳು. ಅವಳ ನಿರ್ಧಾರ ಆಗಿದ್ದು ಅಲ್ಲಿ.

ಸೀಮಂತಕ್ಕೆ ಹಸಿರು ಕುಪ್ಪಸ ಹೊಲಿಸಬೇಕಿತ್ತು. ಅಳತೆ ಕೊಟ್ಟು ಬರುತ್ತೇನೆ ಎಂದು ಮಗಳನ್ನು ಕರೆದುಕೊಂಡು ತಿಪಟೂರಿನ ಬಸ್ಸು ಹತ್ತಿದಳು. ದೇವರನ್ನು ತಡೆಯುವವರು ಯಾರು? ಕಂಡಕ್ಟರು ಸೀಟು ಬಿಡಿಸಿ ಕೂರಿಸಿದ. ಟೈಲರ್ ಫಿರ್ದೌಸ್ ಅವಳಿಗೆ ವರ್ಷಗಳಿಂದ ಕುಚ್ಚಿನ ಕೆಲಸ ಕೊಡುತ್ತಿದ್ದವಳು. ಗಿರಿಜಾಂಬಿಕಾ ಹೇಳಿದ್ದನ್ನೆಲ್ಲ ಕೇಳಿ ಅವಳು ಅಳಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. "ಬೆಳಗ್ಗೆ ಏನಾದ್ರೂ ತಿಂದಿದೀಯಾ ಗಿರಿಜಕ್ಕ? ತಿನ್ಬೇಡ. ಖಾಲಿ ಹೊಟ್ಟೇಲಿ ಬನ್ನಿ ಅಂತಾರೆ" ಎಂದು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದಳು. ನಿಸರ್ಗಳನ್ನು ಫಿರ್ದೌಸಳ ಅತ್ತೆ ನಸೀಮ್ ಬಾನು ಹತ್ತಿರ ಬಿಟ್ಟು ಇಬ್ಬರೂ ತುಮಕೂರಿಗೆ ಹೋದರು.

ಹಳೆಯ ಡಾಕ್ಟರಮ್ಮನೇ ಇದ್ದಳು. ನೋಡಿದ ಕೂಡಲೇ ಗುರುತು ಹಿಡಿದಳು. ಸ್ಕ್ಯಾನ್ ಮಾಡಿದಳು. ಕಸ ಅಂಟಬಾರದ ಜಾಗಕ್ಕೇ, ಹಳೆಯ ಹೊಲಿಗೆಗೇ, ಅಂಟಿತ್ತು. ತೆಗೆಯುವುದೂ ಸುಲಭವಲ್ಲ, ಇಟ್ಟುಕೊಂಡರಂತೂ ತುಂಬಿದ ಬಸುರಿಯಾಗುವ ತನಕ ನೀನು ಇರುವುದೇ ಅನುಮಾನ ಎಂದಳು. ಗಂಡನ ಒಪ್ಪಿಗೆ ಬೇಕೇ ಎಂದು ಗಿರಿಜಾಂಬಿಕಾ ಕೇಳಿದಳು. "ನಿನ್ನ ಒಪ್ಪಿಗೆ ಸಾಕು. ಅವತ್ತೂ ಅಷ್ಟೇ ಸಾಕಿತ್ತು, ನಿನಗೆ ಎಚ್ಚರ ಇರ್ಲಿಲ್ಲ" ಎಂದಳು ಡಾಕ್ಟರಮ್ಮ. ಮಗುವಿನ ಜೊತೆಗೆ ಗರ್ಭಕೋಶವನ್ನೂ ತೆಗೆದರು. ಮತ್ತೆ ಯಾರ್‍ಯಾರದೋ ರಕ್ತ ಹಾಕಿದರು. ಒಂದು ಬಾಟಲಿ ಫಿರ್ದೌಸಳ ಗಂಡ ಅರ್ಮಾನ್ ಕೊಟ್ಟದ್ದು.

ಗಿರಿಜಾಂಬಿಕಾ ಬದುಕಿದಳು. ಈ ಸಲ ಅದಕ್ಕೆ ಯಾರೂ ಹೆಮ್ಮೆಪಡಲಿಲ್ಲ.

ಹಳ್ಳಿಯ ಮನೆಯ ಬಾಗಿಲು ತೆರೆಯಲಿಲ್ಲ. "ಸ್ವಾಮಿ ಕೊಟ್ಟಿದ್ದನ್ನ ಕೊಂದ್ ಬಂದವ್ಳೆ" ಎಂದು ಶಿವರುದ್ರಮ್ಮ ಕಿಟಕಿಯಿಂದ ಕೂಗಿದಳು. ಗಿರಿಜಾಂಬಿಕಾ ನಿಂತಿದ್ದ ಜಾಗಕ್ಕೆ ಸೆಗಣಿ ನೀರು ಎರಚಿದ ಕೊಲ್ಲಾಪುರಮ್ಮ ಹಿಂದಿನ ತಿಂಗಳು ಅವಳ ಪಾದ ತೊಳೆದ ನೀರನ್ನು ಕಣ್ಣಿಗೆ ಒತ್ತಿಕೊಂಡಿದ್ದವಳು. ಸಂಪಿಗೆಯಲ್ಲಿ ಅಣ್ಣ ಗಂಗಾಧರ್ ಒಂದು ವಾರ ಇಟ್ಟುಕೊಂಡ. ಆಮೇಲೆ ಅತ್ತಿಗೆ ತನ್ನ ಮಗಳ ಮದುವೆಯ ಮಾತು ಎತ್ತಿದಳು. ಮಾತು ಎತ್ತಿದ್ದು ಯಾಕೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ತಿಪಟೂರಿನಲ್ಲಿ ಫಿರ್ದೌಸಳ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಯಿ ಮಗಳು ಉಳಿದುಕೊಂಡರು. ವಿಚ್ಛೇದನದ ಮಾತು ಬಂದಾಗ ಮಗಳನ್ನು ಯಾರು ಇಟ್ಟುಕೊಳ್ಳಬೇಕು ಎಂದು ವಕೀಲರು ಕೇಳಿದರಂತೆ. "ಹೆಣ್ಣು ತಾನೆ, ಅವ್ಳೇ ಇಟ್ಕಳ್ಲಿ" ಎಂದಳಂತೆ ಶಿವರುದ್ರಮ್ಮ. ಗಿರಿಜಾಂಬಿಕಾಳಿಗೆ ಆ ಮನೆಯಿಂದ ಸಿಕ್ಕ ದೊಡ್ಡ ಉಪಕಾರ ಅದೊಂದೇ.

ನಿಸರ್ಗ ಈಗ ಎರಡನೇ ಕ್ಲಾಸು. ಗಿರಿಜಾಂಬಿಕಾಳ ಕುಚ್ಚಿಗೆ ಚಿಕ್ಕನಾಯಕನಹಳ್ಳಿಯಿಂದಲೂ ಜನ ಬರುತ್ತಾರೆ. ಹೋದ ಮಾಘದಲ್ಲಿ ಆ ಕಡೆಯಿಂದ ಒಬ್ಬ ತಾಯಿ, ಮದುವೆಗೆ ನಿಂತ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಹೆಸರು ಇಂಪನಾ, ಡಿಗ್ರಿ ಮುಗಿಸಿದ್ದಳು. ಧಾರೆ ಸೀರೆ. ಇಲ್ಲೇ ಇದ್ದು ಹಾಕಿಸಿಕೊಂಡೇ ಹೋಗುತ್ತೇವೆ ಎಂದು ಸ್ಟೂಲಿನ ಮೇಲೆ ಕೂತರು. ಗಿರಿಜಾಂಬಿಕಾ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ದಾರ ಎಣಿಸತೊಡಗಿದಳು. ಹುಡುಗಿಯ ತಾಯಿ ಫಿರ್ದೌಸಳ ಜೊತೆ ಮಾತಿಗೆ ಕೂತರು. ಗಂಡಿನ ಮನೆ ಯಾವೂರು ಎಂದು ಫಿರ್ದೌಸ್ ಕೇಳಿದಳು. ಆಕೆ ಹೇಳಿದ ಊರಿನ ಹೆಸರು ಕೇಳಿ ಗಿರಿಜಾಂಬಿಕಾಳ ಬೆರಳು ನಿಂತವು.

"ಎರಡನೇ ಸಂಬಂಧ ಕಣ್ರೀ, ಆದ್ರೆ ಒಳ್ಳೇ ತೋಟ, ಒಬ್ನೇ ಮಗ. ರೇಣುಕಪ್ರಸಾದ್ ಅಂತ. ಮೊದ್ಲು ನಮಗೆ ಭಯ ಆಗಿತ್ತು. ಹುಡುಗನಿಗೆ ಆಪರೇಷನ್ ಆಗೈತೆ, ಮಕ್ಕಳಾಗಲ್ಲ ಅಂತ ಸುದ್ದಿ ಇತ್ತು. ನಮ್ಮೆಜಮಾನ್ರು ನೇರವಾಗೇ ಕೇಳಿದ್ರು. ಅವನು ಏನೂ ಅಳುಕಿಲ್ಲ, 'ನಾನು ಮಾಡ್ಸೇ ಇಲ್ಲ ಮಾವ' ಅಂದ. ಡಾಕ್ಟ್ರ ಹತ್ರ ಬೇಕಾದ್ರೆ ತೋರ್ಸ್ತೀನಿ ಅಂದ. ಗುಡಿ ಯಜಮಾನ್ರು ಪರಮಶಿವಯ್ಯೋರೂ ಅದನ್ನೇ ಹೇಳಿದ್ರು. ಎಲ್ಲಾ ಆ ಮೊದಲ್ನೇ ಹೆಂಡ್ತಿ ಹಬ್ಸಿದ್ದಂತೆ. ಅವನಿಗೆ ಬೇರೆ ಯಾರೂ ಹೆಣ್ಣು ಕೊಡಬಾರ್ದು ಅಂತ. ಎಂಥಾ ಹೆಂಗಸು ನೋಡಿ! ಮಗೂನ ಬೇರೆ ತೆಗೆಸಿ ಓಡೋದ್ಲಂತೆ."

ಫಿರ್ದೌಸ್ ಬಾಯಿ ತೆರೆದಳು. ಗಿರಿಜಾಂಬಿಕಾ ಅವಳನ್ನು ಕಣ್ಣಲ್ಲೇ ತಡೆದಳು. ಗುಡಿಯ ತುಂಬ ಜನರ ಮುಂದೆ ಅಂಗೈ ಸುಟ್ಟುಕೊಂಡು ಬೇಡಿದರೂ ಬಾರದಿದ್ದ ಮಾತು. ಅದನ್ನು ಅವನು ಮಾವನ ಮನೆಯ ಜಗಲಿಯಲ್ಲಿ ಕೂತು, ಉಪ್ಪಿಟ್ಟು ತಿನ್ನುತ್ತ, ಹೀಗೆ ಒಂದು ಉಸಿರಿಗೆ ಹೇಳಿಬಿಟ್ಟಿದ್ದ.

"ಆ ಮೊದಲ್ನೇ ಹೆಂಡ್ತಿ ನಾನೇ ಕಣಮ್ಮ" ಎಂದಳು ಗಿರಿಜಾಂಬಿಕಾ.

ಹುಡುಗಿಯ ತಾಯಿ ತಟ್ಟನೆ ಎದ್ದು ನಿಂತರು. ಮುಖದಲ್ಲಿ ನಾಚಿಕೆ ಒಂದು ಕ್ಷಣ ಬಂದಂತೆ ಕಂಡಿತು, ಆಮೇಲೆ ಭಯ ಬಂತು. ಬಗ್ಗಿ ಸೀರೆಯನ್ನು ಅವಳ ತೊಡೆಯ ಮೇಲಿಂದ ಎಳೆದುಕೊಂಡರು. ದಾರದ ಉಂಡೆ ಉರುಳಿಹೋಯಿತು. "ಧಾರೆ ಸೀರೆ, ನಿಮ್ ಕೈ ಸೋಕ್ಬಾರ್ದಿತ್ತು... ಶಿವ ಶಿವ... ಬಾರೇ" ಎಂದು ಮಗಳಿಗೆ ಹೇಳಿ, ಅರ್ಧ ಕುಚ್ಚು ಹಾಕಿದ ಸೆರಗು ನೆಲಕ್ಕೆ ಎಳೆಯುತ್ತಿದ್ದರೂ ನೋಡದೆ ಬೀದಿಗೆ ಇಳಿದರು.

ಇಂಪನಾ ಬಾಗಿಲಲ್ಲಿ ನಿಂತಳು. ತಾಯಿ ಆಟೋ ಕೂಗುತ್ತಿರುವುದನ್ನು ಒಮ್ಮೆ ತಿರುಗಿ ನೋಡಿ, ಸರಸರ ಒಳಗೆ ಬಂದು ಗಿರಿಜಾಂಬಿಕಾಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹುಡುಗಿಯ ಕಣ್ಣು ತುಂಬಿತ್ತು. ಪಾಪ, ಇವಳಿಗೆ ಗೊತ್ತಾಯಿತು, ಇವಳು ಕೇಳುತ್ತಾಳೆ ಎಂದು ಗಿರಿಜಾಂಬಿಕಾ ಎಲ್ಲವನ್ನೂ, ಮೊದಲಿನಿಂದ ಕೊನೆಯವರೆಗೆ, ಹೇಳಲು ಸಿದ್ಧಳಾದಳು.

"ಅಕ್ಕಾ, ನಿಮ್ಮ ಮಗಳ ಮೇಲಾಣೆ, ನಿಜ ಹೇಳಿ. ಅವ್ರಿಗೆ ಆಪರೇಷನ್ ಆಗಿರ್ಲಿಲ್ಲ ತಾನೆ?"

"ಇಲ್ಲ" ಎಂದಳು ಗಿರಿಜಾಂಬಿಕಾ. "ಆಗಿರ್ಲಿಲ್ಲ."

"ಸದ್ಯ, ಬದುಕಿದೆ" ಎಂದು ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದಳು. ಕಣ್ಣೊರೆಸಿಕೊಂಡು, ನಕ್ಕು, ತಾಯಿಯ ಹಿಂದೆ ಓಡಿದಳು.